ಸ್ಟಾಫ್ ರೂಮಿನಲ್ಲಿ ಹಾಕಿದ ಸಹಿ

ನಿವೃತ್ತಿಯ ಸಮಯದಲ್ಲಿ ಬಂದ ಹಣವನ್ನು ಹೇಗೆ ವಿನಿಯೋಗಿಸಬೇಕೆಂಬ ಚರ್ಚೆ ನಮ್ಮ ಮನೆಯಲ್ಲಿ ಬಹುಕಾಲ ನಡೆಯಿತು. ಕೊನೆಗೆ ನನ್ನ ಶ್ರೀಮತಿಯ ಸಲಹೆಯೇ ಗೆದ್ದಿತು. ಹಿಂದಿನ ಬೀದಿಯಲ್ಲಿ ಮಾರಾಟಕ್ಕಿದ್ದ ಪುಟ್ಟ ಮನೆಯನ್ನು ಕೊಂಡು ಬಾಡಿಗೆಗೆ ಕೊಡುವುದು; ಅರ್ಧ ಹಣ ಕೈಯಿಂದ, ಉಳಿದರ್ಧಕ್ಕೆ ಅದೇ ಮನೆಯನ್ನು ಅಡವಿಟ್ಟು ಬ್ಯಾಂಕಿನಿಂದ ಸಾಲ. ನನ್ನ ವಯಸ್ಸಿನ ಕಾರಣದಿಂದ ಮಗನೂ ಸಹ-ಸಾಲಗಾರನಾಗಲು ಒಪ್ಪಿದ. ಕ್ರಯಪತ್ರದ ನಕಲು, ಖಾತೆ, ಕಂದಾಯದ ರಸೀದಿ, ಋಣಭಾರ ಪ್ರಮಾಣಪತ್ರಗಳನ್ನು ಜೋಡಿಸಿಕೊಂಡು 2024ರ ಜೂನ್ ತಿಂಗಳಲ್ಲಿ ಬ್ಯಾಂಕಿಗೆ ಹೋದೆ.

ವಾರದ ನಂತರ ಅಲ್ಲಿನ ತರುಣ ಅಧಿಕಾರಿ ಸಂಕೋಚದಿಂದಲೇ ಹೇಳಿದರು: "ಸರ್, ಮನೆಯ ಕಾಗದಪತ್ರಗಳೆಲ್ಲ ಸರಿಯಾಗಿವೆ. ನಿಮ್ಮ ಸಿಬಿಲ್ ಅಂಕವೇ ಕಡಿಮೆ."

300ರಿಂದ 900ರವರೆಗಿನ ಆ ಲೆಕ್ಕದಲ್ಲಿ ನನಗೆ ದೊರೆತದ್ದು 612. ಜೀವಮಾನವೆಲ್ಲ ಪರರಿಗೆ ಅಂಕ ಕೊಟ್ಟವನು ಅಂದು ತಲೆ ತಗ್ಗಿಸಿ ಕುಳಿತೆ. ನಾನಾಗಿ ಪಡೆದ ಸಾಲದ ಒಂದು ಕಂತನ್ನೂ ತಪ್ಪಿಸಿದವನಲ್ಲ!

ವರದಿಯನ್ನು ತರಿಸಿ ಓದಿದಾಗ ಕಾರಣ ತಿಳಿಯಿತು. 2012ರಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಮಗಳ ಮದುವೆಗೆಂದು ಸಾಲ ಮಾಡಿದ್ದರು. ಎರಡು ಪಿರಿಯಡ್‌ಗಳ ನಡುವೆ, ಸ್ಟಾಫ್ ರೂಮಿನಲ್ಲಿ ನಿಂತುಕೊಂಡೇ ನಾನು ಜಾಮೀನಿಗೆ ಸಹಿ ಹಾಕಿದ್ದೆ. 2017ರಲ್ಲಿ ಕಂತು ಬಾಕಿಯ ನೋಟೀಸು ಮನೆಗೆ ಬಂದಿತ್ತು. ಕೇಳಿದರೆ ಅವರಿಗೆ ನೋವಾದೀತೆಂದು ಅದನ್ನು ಪೂರ್ತಿ ಓದದೆ ಪೆಟ್ಟಿಗೆಗೆ ಸೇರಿಸಿದ್ದೆ. ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರೆಂದು ನಿಮಗೆಲ್ಲ ಬೋಧಿಸಿದವನು ನಾನೇ. ಸಾಲದ ಕುರಿತ ಸರ್ವಜ್ಞನ ತ್ರಿಪದಿಯನ್ನು ಎಷ್ಟು ಬಾರಿ ಪಾಠ ಮಾಡಿದೆನೋ!

ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದೆಂದು 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮು ಹೇಳುತ್ತದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬ್ಯಾಂಕಿನ ದೃಷ್ಟಿಯಲ್ಲಿ ಆ ಸಾಲ ನನ್ನದೂ ಹೌದು.

ಒಂದು ಭಾನುವಾರ ಅವರ ಊರಿಗೆ ಹೋದೆ. ವಿಷಯ ತಿಳಿದು ಅವರ ಮುಖ ಕಪ್ಪಿಟ್ಟಿತು. "ಮೇಷ್ಟ್ರೇ, 46,000 ರೂಪಾಯಿ ಬಿಟ್ಟು ಬ್ಯಾಂಕಿನವರೇ ಲೆಕ್ಕ ಮುಗಿಸಿದರು. ಅಲ್ಲಿಗೆ ತೀರಿತೆಂದು ನಂಬಿದ್ದೆ. ನಿಮ್ಮ ಹೆಸರಿಗೂ ಅಂಟಿತೆ?" ಎಂದರು. ಅವರ ಮನೆಯಾಕೆ ತಂದಿಟ್ಟ ಕಾಫಿ ಆರುತ್ತಿತ್ತು. ಹೀಗೆ ರಿಯಾಯಿತಿಯಲ್ಲಿ ಮುಗಿದ ಸಾಲ ವರದಿಯಲ್ಲಿ 'ಸೆಟಲ್ಡ್' ಎಂದು ದಾಖಲಾಗುತ್ತದೆ. ಪೂರ್ಣ ತೀರಿದ್ದು 'ಕ್ಲೋಸ್ಡ್'. ಈ ಭೇದ ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಅರ್ಧ ಹಣ ನಾನು ಕೊಡುತ್ತೇನೆಂದೆ. ಅವರು ಒಪ್ಪಲಿಲ್ಲ. ಮೂರು ತಿಂಗಳ ಪಿಂಚಣಿಯಲ್ಲಿ ಉಳಿಸಿ, ಬಿಟ್ಟಿದ್ದ ಮೊತ್ತವನ್ನೂ ಕಟ್ಟಿ, ಬೇಬಾಕಿ ಪತ್ರವನ್ನು ತಾವೇ ತಂದು ನನ್ನ ಕೈಗಿತ್ತರು. ಅದರ ಆಧಾರದಿಂದ ತಿದ್ದುಪಡಿಗೆ ಅರ್ಜಿ ಕೊಟ್ಟೆ. ಇಂತಹ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ನನಗೆ ಅದರ ಅಗತ್ಯ ಬೀಳಲಿಲ್ಲ. ದಾಖಲೆ ಬೇಗ ತಿದ್ದಿತು. ಅಂಕ ಮಾತ್ರ ನಿಧಾನವಾಗಿ ಏರಿತು.

ಅಷ್ಟರಲ್ಲಿ ಆ ಮನೆ ಬೇರೆಯವರ ಪಾಲಾಗಿತ್ತು. ಮರುವರ್ಷ ನಮ್ಮ ಮನೆಯ ಮೂಲಪತ್ರಗಳನ್ನೇ ಅಡಮಾನವಿಟ್ಟು, ಸಣ್ಣ ಸಾಲದಲ್ಲಿ ಮಾಳಿಗೆಯ ಮೇಲೆ ಬಾಡಿಗೆಗೆಂದು ಎರಡು ಕೋಣೆ ಕಟ್ಟಿಸಿದೆವು. ಗೃಹಪ್ರವೇಶಕ್ಕೆ ಆ ಸ್ನೇಹಿತರು ಪತ್ನೀಸಮೇತರಾಗಿ ಬಂದು, ಊಟ ಮುಗಿಸಿ, ಸಂಜೆಯವರೆಗೂ ಇದ್ದರು. ಕಳೆದ ಮನೆಯ ವ್ಯಥೆ ಅಂದೇ ತೀರಿತು.

ಪ್ರಿಯ ವಿದ್ಯಾರ್ಥಿಗಳೇ, ಪ್ರತಿ ಋಣಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ದೊರೆಯುತ್ತದೆ. ತರಿಸಿ ಓದಿ. ಸ್ನೇಹಿತರಿಗೆ ಜಾಮೀನು ನಿಲ್ಲಬೇಡಿ ಎನ್ನಲಾರೆ. ನಿಂತ ಮೇಲೆ, ಕಂತು ಕಟ್ಟುತ್ತಿದ್ದೀರಾ ಎಂದು ಕೇಳಲು ನಾಚಬೇಡಿ. ನಾನು ನಾಚಿದ್ದರಿಂದ ಏಳು ವರ್ಷ ಅವರ ಸಂಕಟವೂ ನನಗೆ ತಿಳಿಯದೆ ಹೋಯಿತು.