ಹಂಪೆಯ ಆಚೆಗೆ ಐದು ತಾಲ್ಲೂಕು

‘ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು’ ಎಂಬುದು ಬಳ್ಳಾರಿ ಸೀಮೆಯ ಹಳೆಯ ಮಾತು. ಈ ಮಾತಿನ ಮೊದಲರ್ಧವನ್ನು ಲೋಕವೆಲ್ಲ ಶ್ರದ್ಧೆಯಿಂದ ಪಾಲಿಸುತ್ತ ಬಂದಿದೆ. ದೇಶವಿದೇಶಗಳಿಂದ ಬಂದವರು ಹೊಸಪೇಟೆಯಲ್ಲಿ ಇಳಿಯುತ್ತಾರೆ, ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಕಮಲ ಮಹಲು ನೋಡುತ್ತಾರೆ, ಅಣೆಕಟ್ಟಿನ ಕೆಳಗಿನ ಕಾರಂಜಿಯ ಮುಂದೆ ಐಸ್‌ಕ್ರೀಂ ತಿನ್ನುತ್ತಾರೆ, ರಾತ್ರಿಯ ರೈಲಿಗೆ ಹೊರಟುಬಿಡುತ್ತಾರೆ. ಮಾತಿನ ಉಳಿದರ್ಧ ಹಾಗೆಯೇ ಉಳಿದಿದೆ. ಉಜ್ಜಿನಿ ಎಲ್ಲಿದೆ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಮಧ್ಯಪ್ರದೇಶದ ಕಡೆ ಕೈ ತೋರಿಸುತ್ತಾರೆ.

ಉಜ್ಜಿನಿ ಇರುವುದು ಕೊಟ್ಟೂರಿನ ಹತ್ತಿರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿವೆ. ಆರನೆಯದು ಹೊಸಪೇಟೆ. ಜಿಲ್ಲೆಯ ಹೆಸರು, ಕಚೇರಿ, ಹೋಟೆಲು, ಪ್ರವಾಸಿ ಎಲ್ಲವೂ ಆರನೆಯದರ ಪಾಲಿಗೆ ಬಂದವು. ಮಿಕ್ಕ ಐದಕ್ಕೆ ಹೊಸ ನಾಮಫಲಕ ಬಂತು. ನಾಮಫಲಕ ಬದಲಾಗುವುದು ಈ ಸೀಮೆಗೆ ಹೊಸದೇನೂ ಅಲ್ಲ. 1953ರ ಅಕ್ಟೋಬರ್‌ವರೆಗೆ ಇದು ಮದರಾಸಿನ ಭಾಗ, ಆಮೇಲೆ ಮೈಸೂರಿನ ಭಾಗ. ಹರಪನಹಳ್ಳಿಯ ಪಾಡಂತೂ ಇನ್ನೂ ವಿಚಿತ್ರ. ಅದನ್ನು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಅದರಿಂದ ಹೈದರಾಬಾದ್ ಕರ್ನಾಟಕದ 371(ಜೆ) ಸೌಲಭ್ಯ ತಪ್ಪಿತೆಂದು ಜನ ವರ್ಷಗಟ್ಟಲೆ ಹೋರಾಡಿ ಬಳ್ಳಾರಿಗೆ ಮರಳಿದರು. ಮರಳಿ ಬಂದ ಕೆಲವೇ ವರ್ಷಗಳಲ್ಲಿ ಬಳ್ಳಾರಿಯೇ ಇಬ್ಭಾಗವಾಯಿತು. ಊರಿನ ಒಬ್ಬ ಅಜ್ಜಿ ಮನೆಯ ಹೊಸಿಲು ದಾಟದೆಯೇ ಎರಡು ರಾಜ್ಯ, ಮೂರು ಜಿಲ್ಲೆ ಕಂಡಿರಲು ಸಾಧ್ಯ.

ಹಂಪೆ ಮುಗಿಸಿದ ಪ್ರವಾಸಿಯೊಬ್ಬ ರೈಲು ತಪ್ಪಿಸಿಕೊಂಡು ಮೂರು ದಿನ ಇಲ್ಲಿ ಉಳಿದರೆ ಅವನಿಗೆ ಏನು ಸಿಕ್ಕೀತು? ಮೊದಲು ಸಿಗುವುದು ಬಿಸಿಲು. ಮಾರ್ಚ್ ದಾಟಿದ ಮೇಲೆ ಬರುವವನು ತಲೆಗೆ ಟವೆಲು ಸುತ್ತಿಕೊಂಡೇ ಬರಬೇಕು. ನವೆಂಬರಿನಿಂದ ಫೆಬ್ರುವರಿ ಹಿತ. ವಸತಿಗೆ ತಾಲ್ಲೂಕು ಕೇಂದ್ರಗಳ ಸಾಧಾರಣ ಲಾಡ್ಜುಗಳು ಸಾಕು. ಊಟಕ್ಕೆ ಖಾನಾವಳಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಸಂಜೆಗೆ ಮಂಡಕ್ಕಿ ಮಿರ್ಚಿ. ಇದಕ್ಕಿಂತ ಹೆಚ್ಚು ಕೇಳುವವನು ಹೊಸಪೇಟೆಯಲ್ಲೇ ಉಳಿಯುವುದು ಒಳ್ಳೆಯದು.

ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟರೆ ಕೂಡ್ಲಿಗಿ. ಚಿತ್ರದುರ್ಗದ ಬಸ್ಸುಗಳು ಇಲ್ಲಿ ಚಹಾಕ್ಕೆಂದು ನಿಂತು ಹೋಗುತ್ತವೆ. ಇಳಿದವರಿಗೆ ಗಾಂಧೀಜಿಯ ಚಿತಾಭಸ್ಮದ ಸ್ಮಾರಕವೊಂದು ಈ ಊರಿನಲ್ಲಿದೆ ಎಂಬುದು ತಿಳಿದಿರುವುದಿಲ್ಲ. ಪೂರ್ವಕ್ಕೆ ಗುಡೇಕೋಟೆ. ಬಂಡೆಗುಡ್ಡದ ಮೇಲೆ ಪಾಳೆಯಗಾರರ ಕೋಟೆ, ಸುತ್ತ ಕುರುಚಲು ಕಾಡು, ಕಾಡಿನಲ್ಲಿ ಕರಡಿ. ಒನಕೆ ಓಬವ್ವನ ತವರು ಇದೇ ಎಂದು ಊರವರು ಹೇಳುತ್ತಾರೆ. ಚಿತ್ರದುರ್ಗದವರು ಗಂಡನ ಮನೆಯ ಕಥೆಯನ್ನು ಸಿನಿಮಾ ಮಾಡಿಸಿಕೊಂಡರು, ತವರಿನವರು ಸುಮ್ಮನಿದ್ದರು. ಇಲ್ಲಿ ಕರಡಿಧಾಮ ಮಾಡಲಾಗಿದೆ. ಸಂಜೆಯಾದ ಮೇಲೆ ಗುಡ್ಡದಲ್ಲಿ ಒಬ್ಬನೇ ಅಡ್ಡಾಡುವುದು ಬೇಡ.

ಹಗರಿಬೊಮ್ಮನಹಳ್ಳಿಯಲ್ಲಿ ನೋಡಲು ಏನಿದೆ ಎಂದು ಆ ಊರಿನವರನ್ನೇ ಕೇಳಿದರೆ ‘ಏನೂ ಇಲ್ಲ’ ಎನ್ನುವವರೇ ಹೆಚ್ಚು. ಆದರೆ ಆ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಎಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳಲ್ಲಿ ಒಂದಾಯಿತು. ನೂರು ಹೆಕ್ಟೇರಿಗೂ ಕೊಂಚ ಕಡಿಮೆಯ ಊರಕೆರೆ. ನೀರಿನ ನಡುವೆ ಮುಳುಗಿ ನಿಂತ ಜಾಲಿಮರಗಳು. ಆ ಮುಳ್ಳಿನ ಮೇಲೆ ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ಕೆಂಬರಲು, ನೀರುಕಾಗೆಗಳ ಗೂಡು. ಹಕ್ಕಿ ಬಂದದ್ದು ಯಾರೂ ಕರೆದದ್ದರಿಂದ ಅಲ್ಲ, ಯಾರೂ ಓಡಿಸದೆ ಇದ್ದುದರಿಂದ. ಊರವರು ಮರ ಕಡಿಯಲಿಲ್ಲ, ಕೋವಿ ಹಿಡಿದವರನ್ನು ಹತ್ತಿರ ಬಿಡಲಿಲ್ಲ. ಸರಕಾರ 2017ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಸಾರಿದ್ದು ಆಮೇಲಿನ ಮಾತು. ಈಗ ಪಟ್ಟಿಗೆ ಸೇರಿದ ಮೇಲೆ ದೋಣಿ, ಉದ್ಯಾನ, ಧ್ವನಿವರ್ಧಕ ಬೇಕೆನ್ನುವವರು ಎಲ್ಲ ಕಡೆಯಂತೆ ಇಲ್ಲಿಯೂ ಹುಟ್ಟಿಕೊಂಡಾರು. ಬರುವ ಪ್ರವಾಸಿ ಏರಿಯ ಮೇಲೆ ನಿಂತು, ದುರ್ಬೀನು ಇದ್ದರೆ ದುರ್ಬೀನಿನಿಂದ ನೋಡಿ, ಬಾಯಿ ಮುಚ್ಚಿಕೊಂಡು ಹೋದರೆ ಅಷ್ಟೇ ಉಪಕಾರ.

ಈ ತಾಲ್ಲೂಕಿನ ಇನ್ನೊಂದು ನೀರು ತುಂಗಭದ್ರೆಯ ಹಿನ್ನೀರು. ಬೇಸಿಗೆಯಲ್ಲಿ ಇಳಿದಾಗ ಬಯಲಾಗುವ ನೆಲದಲ್ಲಿ ಒಂದು ಕಾಲಕ್ಕೆ ಊರುಗಳಿದ್ದವು. 1953ರಲ್ಲಿ ಅಣೆಕಟ್ಟು ಮುಗಿದು ನೀರು ಏರಿದಾಗ ಮುಳುಗಿದವುಗಳಲ್ಲಿ ನಾರಾಯಣದೇವರಕೆರೆಯೂ ಒಂದು. ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಹರಪನಹಳ್ಳಿ ಭೀಮವ್ವ ಎಂದು ನಾಡಿಗೆಲ್ಲ ಹೆಸರಾದ, 1823ರಲ್ಲಿ ಹುಟ್ಟಿದ ಹರಿದಾಸ ಕವಯಿತ್ರಿಯ ತವರು ಆ ನಾರಾಯಣದೇವರಕೆರೆ. ಗಂಡನ ಮನೆ ಹೆಸರಿನಲ್ಲಿ ಉಳಿಯಿತು, ತವರು ನೀರಿನಲ್ಲಿ ಹೋಯಿತು. ಆ ನೀರು ಎಷ್ಟೋ ಜಿಲ್ಲೆಗಳ ಗದ್ದೆಗಳನ್ನು ಹಸಿರು ಮಾಡಿದೆ. ಕೊಟ್ಟವರ ದಂಡೆಯ ಹೊಲಗಳಲ್ಲಿ ಹಲವು ಇನ್ನೂ ಮಳೆಯನ್ನೇ ನಂಬಿವೆ.

ಪಡುವಲಿಗೆ ಹೂವಿನಹಡಗಲಿ. ಸಮುದ್ರದಿಂದ ಇಷ್ಟು ದೂರದ ಊರಿಗೆ ಹಡಗಿನ ಹೆಸರು ಹೇಗೆ ಬಂತು? ಇಲ್ಲಿಯ ಹೂವನ್ನು ತುಂಗಭದ್ರೆಯ ಮೇಲೆ ಹಡಗಿನಲ್ಲಿ ವಿಜಯನಗರದ ಅರಮನೆಗೆ ಕಳಿಸುತ್ತಿದ್ದರು ಎಂಬುದು ಜನರ ವಿವರಣೆ. ಭಾಷಾಪಂಡಿತರು ಒಪ್ಪುವರೋ ಇಲ್ಲವೋ, ಹೂವಂತೂ ಈಗಲೂ ಇದೆ. ಹಡಗಲಿ ಮಲ್ಲಿಗೆಗೆ ಮೈಸೂರು, ಉಡುಪಿ ಮಲ್ಲಿಗೆಗಳಂತೆಯೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೆಳಗಿನ ಜಾವ ಮೊಗ್ಗು ಬಿಡಿಸುವ ಹೆಂಗಸರಿಗೆ ಆ ಮಾನ್ಯತೆ ಎಷ್ಟು ರೂಪಾಯಿ ತಂದುಕೊಟ್ಟಿದೆ ಎಂಬುದನ್ನು ಅವರನ್ನೇ ಕೇಳಬೇಕು. ನಾಟಕದ ಹುಚ್ಚಿರುವವರು ಎಂ.ಪಿ. ಪ್ರಕಾಶರು ಕಟ್ಟಿದ ರಂಗಭಾರತಿಯನ್ನು ಇಲ್ಲಿಯೇ ನೆನೆಯಬಹುದು.

ಹಡಗಲಿಯನ್ನು ಬೀಡಾಗಿ ಇಟ್ಟುಕೊಂಡರೆ ಕಲ್ಯಾಣ ಚಾಲುಕ್ಯರ ಗುಡಿಗಳನ್ನು ಒಂದೊಂದಾಗಿ ನೋಡಬಹುದು. ಮಾಗಳದಲ್ಲಿ ಸೂರ್ಯನಾರಾಯಣ. ಹಿರೇಹಡಗಲಿಯಲ್ಲಿ ಕಲ್ಲೇಶ್ವರ. ಹಿರೇಹಡಗಲಿ ತಾಮ್ರಶಾಸನ ಎಂದರೆ ಇತಿಹಾಸ ಓದಿದವರಿಗೆ ಕಿವಿ ನೆಟ್ಟಗಾಗುತ್ತದೆ. ಕಂಚಿಯ ಪಲ್ಲವ ದೊರೆ ಶಿವಸ್ಕಂದವರ್ಮನ ಪ್ರಾಕೃತ ಶಾಸನ ಸಿಕ್ಕಿದ್ದು ಇಲ್ಲಿ. ಆದರೆ ಪ್ರವಾಸಿ ಹೇಗಾದರೂ ಬಿಡುವು ಮಾಡಿಕೊಂಡು ಅರ್ಧ ದಿನ ಕೂತಿರಬೇಕಾದ ಸ್ಥಳ ಕುರುವತ್ತಿ. ತುಂಗಭದ್ರೆಯ ದಂಡೆ, ಆಚೆ ರಾಣೆಬೆನ್ನೂರು ತಾಲ್ಲೂಕು. ಮಲ್ಲಿಕಾರ್ಜುನ ಗುಡಿಯ ಬಾಗಿಲ ಬಳಿ ಕಂಬಕ್ಕೆ ಒರಗಿ ಬಾಗಿದ ಮದನಿಕೆಯರನ್ನು ನೋಡಿದವರು ಬೇಲೂರಿಗೆ ಈ ವಿದ್ಯೆ ಎಲ್ಲಿಂದ ಹೋಯಿತೆಂದು ಬೇರೆ ಕೇಳಬೇಕಾಗಿಲ್ಲ.

ಗುಡಿಗಿಂತ ದೊಡ್ಡದು ಅಲ್ಲಿಯ ಹೊಳೆ. ಚಾಲುಕ್ಯ ಒಂದನೆಯ ಸೋಮೇಶ್ವರ, ಆಹವಮಲ್ಲನೆಂಬ ಬಿರುದಿನವನು, ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡವನು, ಜೀವಮಾನವೆಲ್ಲ ಚೋಳರೊಡನೆ ಗೆದ್ದು ಸೋತು ಕಾದಿದವನು. ಅವನಿಗೆ ವಾಸಿಯಾಗದ ಜ್ವರ ಬಂತು. ಔಷಧ ಹತ್ತಲಿಲ್ಲ. 1068ರ ಮಾರ್ಚ್ ಕೊನೆಯಲ್ಲಿ ಅವನು ಇದೇ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು, ನೀರು ಕೊರಳಿಗೆ ಬರುವ ತನಕ ನಡೆದು, ಮತ್ತೆ ಮೇಲೆ ಬರಲಿಲ್ಲ. ಆ ಸಾವನ್ನು ಕಾಶ್ಮೀರದಿಂದ ಬಂದ ಕವಿ ಬಿಲ್ಹಣ ಸೋಮೇಶ್ವರನ ಮಗ ವಿಕ್ರಮಾದಿತ್ಯನ ಚರಿತ್ರೆಯಲ್ಲಿ ಬರೆದಿಟ್ಟ. ಹಿರೇಹಡಗಲಿಯ ಗುಡಿ ಕಟ್ಟಿಸಿದ್ದು ಈ ಸೋಮೇಶ್ವರನ ಮಂತ್ರಿ ದೇಮರಸ, 1057ರಲ್ಲಿ. ಹನ್ನೊಂದು ವರ್ಷದ ಆಚೆ ತನ್ನ ಒಡೆಯ ಇಷ್ಟು ಸಮೀಪದ ಹೊಳೆಯಲ್ಲಿ ಹೋಗುತ್ತಾನೆಂದು ಆತ ಎಣಿಸಿರಲಿಕ್ಕಿಲ್ಲ. ಅಷ್ಟು ದೊಡ್ಡ ಅರಸನ ಕೊನೆಯ ಹೆಜ್ಜೆಯಾದ ದಂಡೆಯಲ್ಲಿ ಈಗ ಬಟ್ಟೆ ಒಗೆಯುವ ಸದ್ದು. ಅದು ತಪ್ಪೇನಲ್ಲ, ಹೊಳೆ ಇರುವುದೇ ಅದಕ್ಕೆ. ಹೊಳೆಯೊಳಗಿನ ಮರಳು ಲಾರಿಯಲ್ಲಿ ಹೋಗುವುದು ಮಾತ್ರ ಬೇರೆ ವಿಷಯ.

ಕುರುವತ್ತಿಯ ಹತ್ತಿರವೇ ಮೈಲಾರ. ಭರತ ಹುಣ್ಣಿಮೆಯ ಹೊತ್ತಿಗೆ ಬಂದರೆ ‘ಏಳುಕೋಟಿ’ ಎನ್ನುವ ಕೂಗಿನಿಂದ ದಾರಿಯೇ ತುಂಬಿರುತ್ತದೆ. ಹನ್ನೊಂದು ದಿನ ಉಪವಾಸವಿದ್ದ ಗೊರವಯ್ಯ ಡೆಂಕಣ ಮರಡಿಯಲ್ಲಿ ನಿಲ್ಲಿಸಿದ ಬಿಲ್ಲನ್ನು ಏರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಾಂತರ ಜನರ ಬಯಲು ಒಮ್ಮೆಗೇ ಸ್ತಬ್ಧವಾಗುತ್ತದೆ. ಅವನು ಒಂದೇ ಒಂದು ಮಾತು ನುಡಿದು ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಮಾತು ಮಳೆಯದೋ, ಬೆಲೆಯದೋ, ಮುಖ್ಯಮಂತ್ರಿಯದೋ ಎಂದು ಬಸ್‌ಸ್ಟ್ಯಾಂಡಿನ ತನಕ ಚರ್ಚೆ ನಡೆಯುತ್ತದೆ. ನಂಬಿಕೆ ಇಲ್ಲದವನಿಗೂ ಆ ಒಂದು ಕ್ಷಣದ ನಿಶ್ಶಬ್ದ ಮರೆಯುವುದಿಲ್ಲ.

ಹರಪನಹಳ್ಳಿ ಪಾಳೆಯಗಾರರ ಊರು. 1748ರ ಮಾಯಕೊಂಡದ ಕದನದಲ್ಲಿ ಚಿತ್ರದುರ್ಗದ ಮದಕರಿ ನಾಯಕನ ಎದುರು ನಿಂತ ಸೋಮಶೇಖರ ನಾಯಕ ಇಲ್ಲಿಯವನು. ಊರಿಗೆ ಹತ್ತಿರದ ಬಾಗಳಿಯ ಕಲ್ಲೇಶ್ವರ ಗುಡಿಯನ್ನು ಬಿಟ್ಟು ಹೋಗಬಾರದು. ರಾಷ್ಟ್ರಕೂಟರು ಶುರು ಮಾಡಿದ್ದನ್ನು ಚಾಲುಕ್ಯ ತೈಲಪನ ಕಾಲದಲ್ಲಿ ಬೆಳೆಸಿದರು. ಅಲ್ಲಿಯ ಶಾಸನದ ವರ್ಷ 987. ತೆರೆದ ಮಂಟಪದಲ್ಲಿ ಐವತ್ತು ಕಂಬಗಳು, ಕನ್ನಡಿಯಂತೆ ನುಣುಪು. ನೀಲಗುಂದದ ಭೀಮೇಶ್ವರ, ಕೊಟ್ಟೂರಿನ ಕಡೆಯ ಅಂಬಳಿಯಲ್ಲಿ 1083ರ ಕಲ್ಲೇಶ್ವರ ಇವನ್ನೂ ಸೇರಿಸಿಕೊಂಡರೆ ಒಂದು ದಿನ ಭರ್ತಿ. ಮದರಾಸು ಪುರಾತತ್ವ ಇಲಾಖೆಯ ಅಲೆಗ್ಸಾಂಡರ್ ರೀ ಎಂಬವರು ಈ ಗುಡಿಗಳನ್ನು ಅಳೆದು, ಚಿತ್ರ ಬರೆದು 1896ರಲ್ಲಿ ದೊಡ್ಡ ಪುಸ್ತಕ ತಂದರು. ಶತಮಾನ ದಾಟಿದ ಮೇಲೂ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ರೂಪಾಯಿಗೆ ಸಿಗುವ ಕನ್ನಡದ ಕೈಪಿಡಿಯೊಂದು ಬರಲಿಲ್ಲ. ಕೆಲವೆಡೆ ‘ಸಂರಕ್ಷಿತ ಸ್ಮಾರಕ’ ಎಂಬ ನೀಲಿ ಫಲಕವಿದೆ. ಹಾನಿ ಮಾಡಿದರೆ ಶಿಕ್ಷೆ ಏನೆಂದು ಅದು ಹೇಳುತ್ತದೆ, ಕಟ್ಟಿದವರು ಯಾರೆಂದು ಹೇಳುವುದಿಲ್ಲ.

ದಕ್ಷಿಣಕ್ಕೆ ಉಚ್ಚಂಗಿದುರ್ಗ. ನೊಳಂಬವಾಡಿಯನ್ನು ಆಳಿದ ಉಚ್ಚಂಗಿ ಪಾಂಡ್ಯರ ಗಿರಿದುರ್ಗ, ಮೇಲೆ ಉಚ್ಚಂಗೆಮ್ಮ. ಕೋಟೆಯ ಬಾಗಿಲುಗಳನ್ನು ದಾಟಿ ಹತ್ತಿದರೆ ಸುತ್ತಲಿನ ಸೀಮೆಯೆಲ್ಲ ಕಾಣುತ್ತದೆ. ಪ್ರವಾಸಿ ಪುಸ್ತಕಗಳು ಇಷ್ಟಕ್ಕೇ ನಿಲ್ಲುತ್ತವೆ. ಬರಗಾಲ, ಬಡತನ, ಹರಕೆ ಎಂದು ತಲೆಮಾರುಗಳ ಕಾಲ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ಬೆಟ್ಟವೂ ಇದೇ. ದೇವದಾಸಿ ಬಿಡುವುದನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ 1982ರದು. ಹಾಗೆ ಬಿಡಲ್ಪಟ್ಟ ಹೆಂಗಸರು ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ಹಳ್ಳಿಗಳಲ್ಲಿ ಮುಪ್ಪಿನಲ್ಲಿ ಮಾಸಾಶನ ಎಣಿಸುತ್ತಿದ್ದಾರೆ. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಸಾಲಿನ ಮುಂದೆ ಪೆನ್ನು ಹಿಡಿದು ಕೂತಿದ್ದವರು. ಬೆಟ್ಟ ಹತ್ತಿ ಗಾಳಿ ಕುಡಿದು ಇಳಿಯುವವನಿಗೆ ಇದೂ ತಿಳಿದಿರಲಿ.

ಕೊನೆಗೆ ಕೊಟ್ಟೂರು. ಹತ್ತಿರದ ಉಜ್ಜಿನಿ ಪಂಚಪೀಠಗಳಲ್ಲಿ ಒಂದು. ಮರುಳಸಿದ್ಧೇಶ್ವರ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಎರೆಯುತ್ತಾರೆ, ಮೊದಲ ಎಣ್ಣೆ ಜರಿಮಲೆಯ ಪಾಳೆಯಗಾರರ ಮನೆತನದ್ದು. ಒಳಗೆ ಹೋಗಿ ಕಣ್ಣು ಕತ್ತಲೆಗೆ ಹೊಂದುವ ತನಕ ಕಾಯಬೇಕು. ಆಮೇಲೆ ಮೇಲಿನ ಕೆತ್ತನೆ ಒಂದೊಂದಾಗಿ ಇಳಿದು ಬರುತ್ತದೆ. ಗಾದೆ ಸುಳ್ಳಲ್ಲ. ಹೊರಗಿನಿಂದಲೇ ನೋಡಿ ಹೊರಟವನು ಮೋಸಹೋದ ಹಾಗೆಯೇ.

ಕೊಟ್ಟೂರಿಗೆ ಬರುವವರಲ್ಲಿ ಹೆಚ್ಚಿನವರು ಪ್ರವಾಸಿಗಳಲ್ಲ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದರೆ ಗುಳೆ ಶುರುವಾಗುತ್ತದೆ. ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ಕಾಫಿತೋಟಗಳಿಗೆ ಮನೆಮಂದಿಯೇ ಹೊರಡುತ್ತಾರೆ. ಆ ದಿನಗಳಲ್ಲಿ ಹಳ್ಳಿಗೆ ಹೋದ ಪ್ರವಾಸಿಗೆ ಗುಡಿಯ ಬೀಗದ ಕೈ ಯಾರ ಬಳಿ ಇದೆಯೆಂದು ಹೇಳಲು ಒಬ್ಬ ಮುದುಕ ಸಿಕ್ಕರೆ ಪುಣ್ಯ. ಆದರೆ ಮಾಘ ಬಹುಳದಲ್ಲಿ ಕೊಟ್ಟೂರೇಶ್ವರನ ತೇರು. ಆಗ ಎಲ್ಲರೂ ಬರುತ್ತಾರೆ. ದಾವಣಗೆರೆಯ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವವರಿಗೆ ದಾರಿಯುದ್ದಕ್ಕೂ ಊಟ, ನೀರು, ಕಾಲಿಗೆ ಎಣ್ಣೆ. ಹಿರೇಮಠದಿಂದ ಸ್ವಾಮಿ ಹೊರಟು ಬಂದಾಗ ಉಪವಾಸವಿದ್ದ ದಲಿತ ಮಹಿಳೆ ಕಳಸದಾರತಿ ಬೆಳಗಿದ ಮೇಲೆಯೇ ತೇರಿನ ಕೆಲಸ ಮುಂದುವರಿಯುವುದು ಇಲ್ಲಿಯ ಸಂಪ್ರದಾಯ. 2017ರಲ್ಲಿ ತೇರು ಚಲಿಸುತ್ತಿರುವಾಗ ಮುರಿದು ಉರುಳಿತು, ಹಲವರಿಗೆ ಪೆಟ್ಟಾಯಿತು. ಮುಂದೆ ಹೊಸ ತೇರು ಕಟ್ಟಿದರು. ಜನ ಮತ್ತೆ ಬಂದರು.

ರೈಲಿನಲ್ಲಿ ಬರುವವರಿಗೆ ಹೊಸಪೇಟೆ–ಹರಿಹರ ಹಾದಿಯಲ್ಲಿ ಕೊಟ್ಟೂರು ನಿಲ್ದಾಣವಿದೆ. ಬಹುಕಾಲ ಕಾಯಿಸಿದ ಮೇಲೆ ಪ್ಯಾಸೆಂಜರ್ ಗಾಡಿ 2019ರಲ್ಲಿ ಓಡಲಾರಂಭಿಸಿತು. ಹಿಂದಿರುಗುವವನು ತೇರಿನ ಮಾರನೆಯ ದಿನ ಬಸ್ಸನ್ನು ನಂಬಿಕೊಳ್ಳುವುದು ಬೇಡ. ಅಂದು ಬೆಂಗಳೂರು ಬಸ್ಸುಗಳ ಮೇಲೆ ಗಂಟು, ಪಾತ್ರೆ, ಮಂಡಕ್ಕಿ ಚೀಲ ಕಟ್ಟಿರುತ್ತವೆ, ಒಳಗೆ ಕಾಲಿಡಲು ಜಾಗವಿರುವುದಿಲ್ಲ.