ಆಳಂದದ ಗೋಡೆಯ ಮೇಲಿನ ಶಿವ

ಈ ಪಡಸಾಲೆಗೆ ಬೆಳಕು ಬರುವುದು ಬಾಗಿಲಿಂದ ಮಾತ್ರ. ಕಾಲಡಿಯ ಪರಸಿ ಕಲ್ಲು ತಣ್ಣಗಿದೆ. ಮೂಲೆಯಲ್ಲಿ ತೊಗರಿ ಚೀಲಗಳು, ಒಳಗೆ ರೊಟ್ಟಿ ಬಡಿಯುವ ಸದ್ದು. "ಕುಂದರ್ರಿ, ಚಾ ತರ್ತೀನಿ" ಎಂದು ಒಳಗೆ ಹೋದ ಅಜ್ಜಿ ಇನ್ನೂ ಬಂದಿಲ್ಲ. ನಾನು ಕೂತಿಲ್ಲ. ಗೋಡೆಯ ಮೇಲಿನ ಶಿವ ಕೂರಗೊಡುತ್ತಿಲ್ಲ.

ಹಳೆಯ ಕ್ಯಾಲೆಂಡರ್ ಚಿತ್ರ. ತಾರೀಕಿನ ಹಾಳೆ ಕತ್ತರಿಸಿ ಕಟ್ಟು ಹಾಕಿಸಿದ್ದಾರೆ. ಗಾಜಿನ ಮೇಲೆ ವಿಭೂತಿ ಬೆರಳಿನ ಮೂರು ಗೆರೆ, ಹೊಗೆ ಕುಡಿದು ಕಂದಿದ ಅಂಚು. ಮೊಬೈಲ್ ಬೆಳಕು ಹಿಡಿದು ಹತ್ತಿರ ಹೋಗುತ್ತೇನೆ. ಶಿವನ ಭುಜದ ಮೇಲೆ ಕೆಂಡದ ಕಿತ್ತಳೆ, ಅದೇ ತೋಳಿನ ಒಳಮೈಗೆ ಬೆಳದಿಂಗಳ ನೀಲಿ. ಎರಡು ಬಣ್ಣ ಕೂಡುವಲ್ಲಿ ಗೆರೆಯೇ ಕಾಣದು. ಎತ್ತಿದರೆ ಕೈಗೆ ಭಾರ ಸಿಕ್ಕೀತು ಎಂಬಷ್ಟು ತುಂಬಿದ ತೋಳು. ಪಾರ್ವತಿಯ ಮೂಗುತಿಗೆ ಒಂದೇ ಒಂದು ಬಿಳಿ ಚುಕ್ಕೆ. ಕೆಳಗಿನ ಮೂಲೆಯಲ್ಲಿ ಅರ್ಧ ಅಳಿಸಿದ ಸಹಿ: ಎಸ್.ಎಂ. ಪಂಡಿತ್.

ನಮ್ಮ ಕಲಬುರಗಿಯವರು. 1916ರಲ್ಲಿ ವಿಶ್ವಕರ್ಮರ ಮನೆಯಲ್ಲಿ ಹುಟ್ಟಿದವರು. ಎಳೆಯ ಕೈ ತಿದ್ದಿದ ಗುರು ಶಂಕರರಾವ್ ಆಳಂದಕರ್. ಅಡ್ಡಹೆಸರಿನಲ್ಲೇ ನಾನೀಗ ನಿಂತ ಊರಿದೆ. ಆಮೇಲೆ ಮದ್ರಾಸು, ಮುಂಬೈ. ಮೆಟ್ರೊ ಚಿತ್ರಮಂದಿರಕ್ಕೆ ಹಾಲಿವುಡ್ ಸಿನಿಮಾಗಳ ಷೋಕಾರ್ಡು, 'ಫಿಲ್ಮ್ ಇಂಡಿಯಾ' ಪತ್ರಿಕೆಗೆ ಮುಖಪುಟ. ಸಿನಿಮಾ ನಾಯಕನ ಮೈಕಟ್ಟು, ಸ್ಟುಡಿಯೊ ದೀಪದ ಬೆಳಕು ಎರಡನ್ನೂ ತಂದು ಪುರಾಣದವರಿಗೆ ತೊಡಿಸಿದರು. ಗ್ಯಾಲರಿಗಳ ಜಗತ್ತು ಮಾತ್ರ 'ಕ್ಯಾಲೆಂಡರ್ ಚಿತ್ರಕಾರ' ಎಂದು ಅವರನ್ನು ಬಹುಕಾಲ ಹೊಸ್ತಿಲಾಚೆಯೇ ನಿಲ್ಲಿಸಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಇಂಥ ತೋಳು ಬರೆಯಬಲ್ಲ ಕೈಗಳು ಎಷ್ಟಿವೆ?

ಅಜ್ಜಿ ಬಸಿ ತುಂಬ ಚಹ ತಂದಿಟ್ಟಳು. ಚಿತ್ರ ಯಾರದೆಂದು ಕೇಳಿದೆ. "ಯಾರದಂದ್ರ? ಶಿವಂದು." ತಪ್ಪೇನಿಲ್ಲ.

ಅಮರ್ಜಾ ನದಿ ಆಳಂದದ ಸೀಮೆಯಿಂದ ಇಳಿದು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಬಸ್ಸು ಹಿಡಿದು ನಾನೂ ಅಲ್ಲಿಗೇ ಬಂದಿದ್ದೇನೆ. ದತ್ತನ ಗುಡಿಯ ದಾರಿಯಲ್ಲಿ ಫೋಟೊ ಕಟ್ಟಿನ ಅಂಗಡಿ. ಮೂರು ಮುಖ, ನಾಲ್ಕು ನಾಯಿ, ಬೆನ್ನಿಗೊಂದು ಆಕಳು: ಒಂದೇ ದತ್ತ ಹತ್ತು ಅಳತೆಯಲ್ಲಿ. ಅಂಗಡಿಯವನು ಗಾಜಿನ ಮೇಲೆ ವಜ್ರದ ಮೊನೆ ಎಳೆಯುತ್ತಾನೆ, ಕಿರ್ರೆಂದು. ಕೊನೆಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗಾಜು ಗೆರೆಗುಂಟ ಬಿಡುತ್ತದೆ. ಹೊಸ ಮುದ್ರಣಗಳ ಬಣ್ಣ ಕಣ್ಣು ಕುಕ್ಕುತ್ತದೆ. ನೆರಳೇ ಇಲ್ಲದ ಮೈಗಳು. ಆಳಂದದ ತೋಳು ನೆನಪಾಗುತ್ತದೆ.

ಕಟ್ಟಿ ಸಂಗಾವಿಯ ಸೇತುವೆ ದಾಟಿ ಜೇವರ್ಗಿ ಮುಟ್ಟುವಾಗ ಬಿಸಿಲು ಓರೆಯಾಗಿದೆ. ಗ್ಯಾರೇಜಿನ ಮುಂದೆ ಟ್ರ್ಯಾಕ್ಟರ್ ಟ್ರಾಲಿಯ ಹಿಂಬಾಗಿಲಿಗೆ ಹನುಮಂತ ಮೂಡುತ್ತಿದ್ದಾನೆ. ಟರ್ಪೆಂಟೈನ್ ವಾಸನೆ ಮೂಗಿಗೆ ಅಡರುತ್ತದೆ. ಎನಾಮಲ್ ಡಬ್ಬಿಗಳ ನಡುವೆ ಕುಕ್ಕರಗಾಲಲ್ಲಿ ಕೂತ ಪೇಂಟರಿಗೆ ಐವತ್ತು ದಾಟಿರಬೇಕು. ಉಗುರಿನ ಸಂದಿಯಲ್ಲಿ ಕೇಸರಿ ಒಣಗಿದೆ. ಯಾರ ಹತ್ತಿರ ಕಲಿತಿರಿ ಅಂದೆ.

"ಯಾರ ಹತ್ರಾನೂ ಇಲ್ರಿ. ನಾ ಸಾಲಿ ಹೊರಗಿನ ಪೇಂಟರ್. ಮಂದಿ ಮನಿ ಗೋಡಿ ನೋಡಿ ನೋಡಿ ಕಲ್ತೆ."

ಹೇಳುವಾಗ ದನಿಯಲ್ಲಿ ಹೆಮ್ಮೆಯಿತ್ತು. ಪಂಡಿತರ ಹೆಸರು ಹೇಳಿದೆ. ಕಲಬುರಗಿಯ ರಂಗಮಂದಿರಕ್ಕೆ ಆ ಹೆಸರಿದೆ ಎಂದು ಗೊತ್ತು, ಬೋರ್ಡು ಓದಿದ್ದಾನೆ. ಚಿತ್ರ ಬರೆದವರೆಂದು ಗೊತ್ತಿರಲಿಲ್ಲ. "ಹೌದೇನ್ರಿ?" ಎಂದು ಕುಂಚ ಇಳಿಸಿ ಒಂದು ಗಳಿಗೆ ನನ್ನನ್ನೇ ನೋಡಿದ.

ಮತ್ತೆ ತಿರುಗಿ ಕೂತ. ಗದೆ ಹಿಡಿದ ತೋಳು ಇನ್ನೂ ಬರೀ ಕೇಸರಿ, ಹಲಗೆಗೆ ಅಂಟಿಸಿದಂತೆ ಚಪ್ಪಟೆ. ಚಿಕ್ಕ ಕುಂಚವನ್ನು ಬಟ್ಟೆಗೆ ಒರೆಸಿ ನೀಲಿ ಡಬ್ಬಿಗೆ ಅದ್ದಿದ. ಉಸಿರು ಬಿಗಿಹಿಡಿದು, ಮೊಣಕೈಯಿಂದ ಮುಂಗೈವರೆಗೆ ತೋಳಿನ ಒಳಮೈಗುಂಟ ತೆಳ್ಳಗೆ ಒಂದೇ ಎಳೆ ಎಳೆದ. ಹಸಿಯಿರುವಾಗಲೇ ಹೆಬ್ಬೆರಳಿನಿಂದ ಅಂಚು ಸವರಿದ. ತೋಳು ತಗಡಿನಿಂದ ಮೇಲೆದ್ದಿತು.