ಅರಿವುಗೆಟ್ಟ ಅಂಗಾಲು

ಮಧುಮೇಹವೆಂದು ಶಾಸ್ತ್ರವೂ ಸಕ್ಕರೆ ಖಾಯಿಲೆಯೆಂದು ಲೋಕವೂ ಕರೆಯುವ ವ್ಯಾಧಿಯು ಈಗ ಪಟ್ಟಣದ ಸಿರಿವಂತರ ಸೊತ್ತಾಗಿ ಉಳಿದಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳ ನಡುವೆಯೂ, ಕೃಷ್ಣರಾಜನಗರದ ಗದ್ದೆಬಯಲಿನಲ್ಲಿಯೂ, ಹೆಗ್ಗಡದೇವನಕೋಟೆಯ ಕಾಡಂಚಿನ ಊರುಗಳಲ್ಲಿಯೂ ಅದು ಮನೆಮಾಡಿಕೊಂಡಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆಯ ಮೇರೆಗೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ರೋಗವುಂಟು. ಸಕ್ಕರೆಯ ಏರಿಳಿತವನ್ನು ಕುರಿತು ಜಗುಲಿಯ ಮೇಲೆ ಎಲ್ಲರೂ ಮಾತನಾಡುವರು. ಅದು ಕಾಲಿನ ನರಗಳಿಗೆ ಮಾಡುವ ಅಪಕಾರವನ್ನು ಕುರಿತು ಮಾತು ಕಡಮೆ. ಹನ್ನೆರಡು ವರ್ಷಗಳಿಂದ ಈ ರೋಗದೊಡನೆ ಬಾಳುತ್ತಿರುವ ನಾವು ಆ ವಿಷಯವಾಗಿ ವಾಚಕರಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ.

ಚರಕಸಂಹಿತೆಯು ಪ್ರಮೇಹದ ಪೂರ್ವರೂಪಗಳನ್ನು ಎಣಿಸುವಲ್ಲಿ ಕೈಕಾಲುಗಳ ಸುಪ್ತತೆಯನ್ನೂ ದಾಹವನ್ನೂ ಜೊತೆಯಾಗಿ ಹೇಳಿದೆ. ಎಂದರೆ ಜೋಮು ಮತ್ತು ಉರಿ. ಉರಿಯುವ ಕಾಲಿಗೆ ಜೋಮೆಲ್ಲಿಯದು ಎಂದು ಯಾರಿಗಾದರೂ ತೋರಬಹುದು. ನಮ್ಮ ಕಾಲೇ ಇದಕ್ಕೆ ಉತ್ತರವಾಗಿದೆ. ರಾತ್ರಿ ಮಲಗಿದರೆ ಅಂಗಾಲಿಗೆ ಮೆಣಸಿನಪುಡಿ ಸವರಿದಂತಾಗುವುದು. ಬೆಳಗ್ಗೆ ಅದೇ ಅಂಗಾಲಿಗೆ ಚಪ್ಪಲಿಯಲ್ಲಿ ಸೇರಿಕೊಂಡ ಹರಳುಕಲ್ಲು ತಿಳಿಯದು. ರಕ್ತದಲ್ಲಿ ಸಕ್ಕರೆಯು ಬಹುಕಾಲ ಮಿತಿಮೀರಿ ನಿಂತರೆ ನರಗಳೂ ಅವುಗಳನ್ನು ಪೋಷಿಸುವ ಸೂಕ್ಷ್ಮವಾದ ರಕ್ತನಾಳಗಳೂ ಕೆಡುವುವು. ಉದ್ದವಾದ ನರಗಳು ಮೊದಲು ಕೆಡುವುದರಿಂದ ಪೀಡೆಯು ಕಾಲ್ಬೆರಳುಗಳ ತುದಿಯಲ್ಲಿ ಹುಟ್ಟಿ ಮೇಲೇರುವುದು.

ಈಚೆಗೆ ಹೊರಟಿರುವ ಚಿಕಿತ್ಸೆಗಳಲ್ಲಿ ಹೆಚ್ಚಿನವು ದಾಹಕ್ಕೆ ಸಂಬಂಧಪಟ್ಟವು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ಸತ್ತ್ವವನ್ನು ನೂರಕ್ಕೆ 8ರಂತೆ ಸೇರಿಸಿದ ಪಟ್ಟಿಯೊಂದನ್ನು ವೈದ್ಯರ ಎದುರಿನಲ್ಲಿಯೇ ಅರ್ಧಗಂಟೆ ಪಾದಕ್ಕೆ ಅಂಟಿಸಿ ತೆಗೆಯುವರು. ಉರಿಯನ್ನು ಸಾರುವ ನರದ ತುದಿಗಳು ಕೆಲವು ತಿಂಗಳು ಮೌನವಾಗುವುವು. ಅಮೆರಿಕಾ ದೇಶದಲ್ಲಿ ಇದಕ್ಕೆ 2020ರಲ್ಲಿ ಅನುಮತಿ ದೊರೆಯಿತು. ಉರಿಗೆ ಉರಿಯೇ ಮದ್ದಾದ ಈ ಚೋದ್ಯವನ್ನು ಕೇಳಿ ಮನೆಯ ಖಾರದಪುಡಿಯನ್ನು ಕಾಲಿಗೆ ಮೆತ್ತಿಕೊಳ್ಳುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಬೆನ್ನುಹುರಿಯ ಬಳಿ ತಂತಿಯನ್ನಿಟ್ಟು ಸೆಕೆಂಡಿಗೆ 10,000 ಸಲ ಮಿಡಿಯುವ ವಿದ್ಯುತ್ತನ್ನು ಹಾಯಿಸಿ ನೋವನ್ನು ತಗ್ಗಿಸುವ ಉಪಾಯಕ್ಕೂ ಅಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಬಹು ವೆಚ್ಚದ ಬಾಬು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುವರ್ಷ ನುಂಗಿದವರಲ್ಲಿ ಬಿ 12 ಜೀವಸತ್ತ್ವವು ಕಡಮೆಯಾಗಿ ಇದೇ ಬಗೆಯ ಜೋಮು ಬರುವುದೂ ಉಂಟಾದ್ದರಿಂದ, ದೊಡ್ಡ ಚಿಕಿತ್ಸೆಗಳ ಯೋಚನೆಗೆ ಮುಂಚೆ ಆ ಸಣ್ಣ ರಕ್ತಪರೀಕ್ಷೆಯನ್ನು ಮಾಡಿಸುವುದು ಲೇಸು.

ಇವೆಲ್ಲ ಉರಿಯನ್ನು ಶಮನಮಾಡುವುವೇ ಹೊರತು ಸುಪ್ತತೆಯನ್ನು ಕಳೆಯಲಾರವು. ಅಪಾಯವಿರುವುದು ಸುಪ್ತತೆಯಲ್ಲಿ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ನಮ್ಮ ಭಾವಮೈದುನನು ಬ್ಯಾರನ್ನಿನ ಒಲೆಗೆ ರಾತ್ರಿಯೆಲ್ಲ ಸೌದೆ ಒಟ್ಟುತ್ತ ಬರಿಗಾಲಿನಲ್ಲಿ ಕೆಂಡದ ಮೇಲೆ ನಿಂತನು. ನಿಂತದ್ದು ಅವನಿಗೆ ತಿಳಿಯಲಿಲ್ಲ. ಚರ್ಮ ಸುಟ್ಟ ವಾಸನೆಯು ಪಕ್ಕದಲ್ಲಿದ್ದ ಆಳಿಗೆ ತಿಳಿಯಿತು. ಸುದ್ದಿ ಕೇಳಿ ನಾವು ಹೋದಾಗ, “ನೋವೇ ಇಲ್ಲವಲ್ಲ ಭಾವ, ನೀವು ಸುಮ್ಮನೆ ಗಾಬರಿಯಾಗ್ತೀರಿ. ಸೊಪ್ಪು ಇಳಿಸಿದ ಮೇಲೆ ಆಸ್ಪತ್ರೆಗೆ ಹೋದರಾಯಿತು” ಎಂದನು. ಸೊಪ್ಪು ಇಳಿಯುವುದರೊಳಗೆ ಜ್ವರವೇರಿತು. ಮೈಸೂರಿನಲ್ಲಿ ಎರಡು ಬೆರಳು ತೆಗೆದರು. ಅವನು ಸೇದುತ್ತಿದ್ದ ಬೀಡಿಯು ಕಾಲಿನ ರಕ್ತನಾಳಗಳನ್ನು ಸಂಕೋಚಗೊಳಿಸಿ ಗಾಯ ಮಾಯದಂತೆ ಮಾಡಿತೆಂದು ವೈದ್ಯರು ಹೇಳಿದರು. ಹೊಗೆಸೊಪ್ಪಿನಿಂದಲೇ ಒಲೆ ಉರಿಯುವ ಊರಿನಲ್ಲಿ ಈ ಮಾತು ಯಾರ ಕಿವಿಗೆ ಹಿಡಿದೀತು? ನಮ್ಮ ಮನೆಯವರು ಈಗಲೂ ತಮ್ಮನ ಪಾದವನ್ನು ನೋಡಲಾರದೆ ಮುಖ ತಿರುಗಿಸುವರು.

ನೋವಿಲ್ಲದ ಗಾಯಕ್ಕಾಗಿ ಯಾರು ಬಸ್ಸು ಹತ್ತುವರು? 1946ರಲ್ಲಿ ವೆಲ್ಲೂರಿಗೆ ಬಂದ ಡಾಕ್ಟರ್ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ವಿಷಯದಲ್ಲಿ ಇದನ್ನೇ ಕಂಡರು: ಅವರ ಬೆರಳುಗಳು ತಾವಾಗಿ ಕೊಳೆಯುತ್ತಿರಲಿಲ್ಲ, ನೋವಿನ ಅರಿವಿಲ್ಲದ್ದರಿಂದ ಸುಟ್ಟುಕೊಂಡು ತರಚಿಕೊಂಡು ನಷ್ಟವಾಗುತ್ತಿದ್ದುವು. ಆ ರೋಗಿಗಳಿಗಾಗಿ ಬಳಕೆಗೆ ಬಂದ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಯನ್ನೇ ಈಗ ಮಧುಮೇಹಿಗಳಿಗೂ ಹೇಳುವರು.

ಆರೋಗ್ಯವಂತನು ಒಂದೆಡೆ ಒತ್ತಿದರೆ ತಾನರಿಯದೆಯೇ ಕಾಲಿನ ಭಾರವನ್ನು ಬದಲಿಸುವನು. ಅರಿವುಗೆಟ್ಟ ಕಾಲು ಒತ್ತಿದಲ್ಲಿಯೇ ಒತ್ತಿ ಹುಣ್ಣಾಗುವುದು. ಇದಕ್ಕಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕರ್ನಾಟಕದ ಎಂಡೋಕ್ರೈನಾಲಜಿ ಸಂಶೋಧನಾ ಸಂಸ್ಥೆಯ ವೈದ್ಯರೊಡನೆ ಸೇರಿ ರಚಿಸಿದ ಪಾದರಕ್ಷೆಯ ವರ್ತಮಾನವು 2022ರಲ್ಲಿ ಪ್ರಕಟವಾಯಿತು. ಅದರ ಅಟ್ಟೆಯಲ್ಲಿ ಸಣ್ಣ ಕಮಾನುಗಳಿವೆ. ಭಾರವು ಮಿತಿಮೀರಿದೊಡನೆ ಆ ಜಾಗದ ಕಮಾನು ತಟಕ್ಕನೆ ಕೆಳಕ್ಕೆ ಮಗುಚಿ ಒತ್ತಡವನ್ನು ಬೇರೆಡೆಗೆ ಹಂಚುವುದು. ಭಾರ ತೆಗೆದರೆ ಮೊದಲಿನಂತಾಗುವುದು. ತಂತಿಯಿಲ್ಲ, ವಿದ್ಯುತ್ತಿಲ್ಲ. ನರವು ಮಾಡಬೇಕಾದ ಕೆಲಸವನ್ನು ಚಪ್ಪಲಿಯೇ ಮಾಡುವ ಈ ಯುಕ್ತಿಯು ನಮಗೆ ಮೆಣಸಿನ ಪಟ್ಟಿಗಿಂತಲೂ ಹೆಚ್ಚು ಮೆಚ್ಚಿಕೆಯಾಯಿತು.

ಸುಶ್ರುತನು ನಿರ್ಧನನಾದ ಪ್ರಮೇಹಿಗೆ ಕೊಡೆಯೂ ಪಾದರಕ್ಷೆಯೂ ಇಲ್ಲದೆ ನೂರು ಯೋಜನ ನಡೆಯಬೇಕೆಂದು ವಿಧಿಸಿದ್ದಾನೆ. ನಡೆಯಬೇಕೆಂಬುದನ್ನು ಇಂದಿನ ವೈದ್ಯರೂ ಒಪ್ಪುವರು. ಆಚಾರ್ಯರಲ್ಲಿ ನಮಗೆ ಗೌರವವಿದ್ದರೂ ಪಾದರಕ್ಷೆಯನ್ನು ಬಿಡುವ ಭಾಗವನ್ನು ಜೋಮು ಹಿಡಿದವರು ಪಾಲಿಸಕೂಡದು. ಜೋಮಿದೆಯೇ ಎಂದು ತಿಳಿಯಲು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ವೈದ್ಯರು ಅಂಗಾಲಿಗೆ ತಾಗಿಸಿ ನೋಡುವರು. ಕಣ್ಣು ಮುಚ್ಚಿಸಿ ನಮ್ಮನ್ನು ಪರೀಕ್ಷಿಸಿದಾಗ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ನಮಗೇನೂ ತಿಳಿಯಲಿಲ್ಲ. ಅಂದಿನಿಂದ ಮನೆಯೊಳಗೂ ಮೆಟ್ಟುವುದಕ್ಕೆ ಬೇರೆ ಚಪ್ಪಲಿ ಬಂದಿದೆ. ಹೊಸ್ತಿಲೊಳಗೆ ಚಪ್ಪಲಿಯೇ ಎಂಬ ಮಾತು ಎರಡು ವಾರ ನಡೆದು, ಅಡಿಗೆಮನೆ ದೇವರಮನೆಗಳನ್ನು ಬಿಟ್ಟು ಉಳಿದೆಡೆ ಅನುಮತಿಯಾಯಿತು. ಸ್ನಾನದ ನೀರನ್ನು ಕಾಲಿನಿಂದಲ್ಲ, ಮೊಣಕೈಯಿಂದ ಮುಟ್ಟಿ ನೋಡುವೆವು. ರಾತ್ರಿ ಮೊಮ್ಮಗಳು ಕೈಗನ್ನಡಿ ಹಿಡಿದು ಅಂಗಾಲನ್ನು ತೋರಿಸುವಳು. ಚುಂಚನಕಟ್ಟೆಯ ಕೋದಂಡರಾಮನ ದರ್ಶನಕ್ಕೆ ಹೋದರೆ ಕಲ್ಲುಹಾಸು ಕಾಯುವುದಕ್ಕೆ ಮುಂಚೆ, ದಪ್ಪನೆಯ ಹತ್ತಿಯ ಕಾಲುಚೀಲ ಹಾಕಿಕೊಂಡು ಹೋಗುವೆವು. ಅರ್ಚಕರು ಇದುವರೆಗೆ ಏನೂ ಅಂದಿಲ್ಲ.